ಹಿಂದಿನ ಅರ್ಧ ಒರಿಜಿನಲ್

ಅಥವಾ ಅವರು ಅದನ್ನು ತಮಾಷೆಗೆ ಹೇಳಿರಲೇ ಇಲ್ಲವೇನೋ. "ಹೇಗಿದ್ದೀರಿ ಸರ್?" ಎಂದು ಕೇಳಿದವರಿಗೆಲ್ಲ "ಟಾಲರೆನ್ಸ್ ಒಳಗಿದ್ದೀನಿ" ಎನ್ನುತ್ತಿದ್ದರು. ಅಳತೆಯಲ್ಲಿ ಇಷ್ಟು ಹೆಚ್ಚುಕಡಿಮೆಯಾದರೂ ನಡೆಯುತ್ತದೆ ಎಂದು ನಕ್ಷೆ ಬರೆಯುವವರು ಬಿಟ್ಟುಕೊಡುತ್ತಾರಲ್ಲ, ಆ ಮಿತಿಯ ಒಳಗೆ. ನಾವು ನಗುತ್ತಿದ್ದೆವು, ಅವರೂ ನಗುತ್ತಿದ್ದರು ಎಂದು ನನ್ನ ನೆನಪು. ಆದರೆ ನಾನು ಅವರನ್ನು ಹತ್ತಿರದಿಂದ ಕಂಡ ಎರಡು ವರ್ಷವೂ ಮಾಸ್ಕಿನ ವರ್ಷಗಳು. ನೋಡಿದ್ದು ಹೆಚ್ಚಾಗಿ ಮುಖದ ಮೇಲರ್ಧವನ್ನೇ. ಕೆಳಗಿನರ್ಧವನ್ನು, ಆ ನಗುವನ್ನೂ ಸೇರಿಸಿ, ನಾನೇ ಬರೆದುಕೊಂಡಿರಬೇಕು.

ಹೋದ ತಿಂಗಳು ಬೆಂಗಳೂರಿನಿಂದ ಅವರ ಮಗಳು ಫೋನ್ ಮಾಡಿ "ಅಪ್ಪ ಹೋಗ್ಬಿಟ್ರು ಆಂಟಿ" ಎಂದಳು. ಕೆಲವು ದಿನ ಬಿಟ್ಟು ಮತ್ತೊಂದು ಫೋನ್. ಮನೆಮಂದಿಯೆಲ್ಲ ಸೇರಿ ಒಂದು ನೆನಪಿನ ಪುಸ್ತಿಕೆ ಮಾಡುತ್ತಿದ್ದಾರೆ, ಅಪ್ಪನ ಜಪಾನ್ ಬಗ್ಗೆ ಒಂದೆರಡು ಪುಟ ಬೇಕು, "ಸ್ವಲ್ಪ ಪಾಸಿಟಿವ್ ಆಗಿ." ಆ ಪುಟಗಳನ್ನು ಬರೆದು ಕಳಿಸಿಯಾಯಿತು. ಶ್ರದ್ಧೆ, ಶಿಸ್ತು, ಸರಳತೆ ಎಂಬ ಮೂರು ಪದಗಳೂ ಅದರಲ್ಲಿವೆ. ಇದು ಆ ಪುಟಗಳಲ್ಲ.

ಯೋಕೋಹಾಮಾದ ಹೊರವಲಯದಲ್ಲಿ ಕಾರಿನ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ಅವರು ಗುಣಮಟ್ಟ ತಪಾಸಣೆಯ ಹಿರಿಯರು. ನಾನು ಅಲ್ಲೇ ಅನುವಾದಕಿ. ರಾಜಾಜಿನಗರದ ಯಾವುದೋ ಶೆಡ್ಡಿನಲ್ಲಿ ಲೇತ್ ಮುಂದೆ ನಿಂತು ಶುರುಮಾಡಿದವರು, ಅರವತ್ತರ ಹತ್ತಿರ ಬಂದಾಗ ಇಲ್ಲಿದ್ದರು. ಹೆಂಡತಿ, ಮಗಳು ಬೆಂಗಳೂರಿನಲ್ಲಿ. ಇವರು ಬೇಡವೆಂದ ಭಾಗವನ್ನು ದಾಟಿಸಲು ಕಾರ್ಖಾನೆಯ ಮುಖ್ಯಸ್ಥರಿಗೂ ಧೈರ್ಯವಿರಲಿಲ್ಲ. ತರಕಾರಿ ಅಂಗಡಿಯಲ್ಲಿ ಸೌತೆಕಾಯಿ ಎತ್ತಿ ಕಣ್ಣಿನ ಮಟ್ಟಕ್ಕೆ ಹಿಡಿದು ನೇರವಿದೆಯೇ ಎಂದು ನೋಡುತ್ತಿದ್ದರು. ಜಪಾನಿನ ಸೌತೆಕಾಯಿಗಳು ನೇರವೇ ಇರುತ್ತವೆ. ಅದರಿಂದ ಅವರಿಗೆ ಸಂತೋಷಕ್ಕಿಂತ ನಿರಾಶೆಯೇ ಹೆಚ್ಚಾಗುತ್ತಿತ್ತು ಎಂದು ನನಗೆ ಗುಮಾನಿ.

ಇಲ್ಲಿನ ಕಾರ್ಖಾನೆಗಳಲ್ಲಿ, ರೈಲುಗಳಲ್ಲಿ ಒಂದು ಪದ್ಧತಿಯಿದೆ. ನೋಡಿದ್ದನ್ನು ನಿಜವಾಗಿಯೂ ನೋಡಿದೆ ಎಂದು ಖಾತ್ರಿ ಮಾಡಿಕೊಳ್ಳಲು ಅದರತ್ತ ತೋರುಬೆರಳು ಚಾಚಿ "ಯೋಶಿ!" ಎಂದು ಕೂಗಬೇಕು. ಸರಿಯಿದೆ ಎಂದು. ಬೇರೆಯವರು ಅದನ್ನು ಗೇಟಿನ ಹತ್ತಿರ ಬಿಟ್ಟು ಮನೆಗೆ ಹೋಗುತ್ತಾರೆ. ಇವರು ಮನೆಗೂ ಒಯ್ದರು. ಗ್ಯಾಸ್, ಯೋಶಿ. ನಲ್ಲಿ, ಯೋಶಿ. ಒಮ್ಮೆ ಊಟಕ್ಕೆ ಕರೆದಿದ್ದರು. ಕುಕ್ಕರಿನಿಂದ ಇಡ್ಲಿ ತಟ್ಟೆಗಳನ್ನು ತೆಗೆದು ಹದಿನಾರು ಇಡ್ಲಿಗಳಿಗೂ ಒಂದೊಂದಾಗಿ ಬೆರಳು ತೋರಿಸಿದರು. ಹದಿನಾಲ್ಕಕ್ಕೆ ಯೋಶಿ ಸಿಕ್ಕಿತು. ಉಳಿದೆರಡನ್ನು ತಮ್ಮ ತಟ್ಟೆಗೆ ಹಾಕಿಕೊಂಡರು.

ಅವರ ಜಪಾನಿ ಭಾಷೆಯಲ್ಲಿ ಕ್ರಿಯಾಪದಗಳೇ ಇರಲಿಲ್ಲ. ಸಂಖ್ಯೆಗಳಿದ್ದವು, ಬಣ್ಣಗಳಿದ್ದವು, ದೋಷಗಳ ಹೆಸರುಗಳಿದ್ದವು. ಬಿರುಕು, ಗೀರು, ಡೊಂಕು, ಮತ್ತೆ "ಶೂರಿ". ಶೂರಿ ಎಂದರೆ ದುರಸ್ತಿ. ತಪಾಸಣೆ ಮೇಜಿನ ಪಕ್ಕದ ಕೆಂಪು ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದಿರುತ್ತಿದ್ದ ಪದ ಅದು. ಮಿಕ್ಕ ಬದುಕಿಗೆಲ್ಲ ಕನ್ನಡದ ಬಾಲಕ್ಕೆ ಒಂದು ಜಪಾನಿ ಗಂಟು, ಹೇಳುವುದಾದರೆ ದೆಸು, ಕೇಳುವುದಾದರೆ ದೆಸುಕಾ. ಅವರು ಬಾಡಿಗೆಗಿದ್ದದ್ದು ಒಂದು ಹಳೆಯ ಮರದ ಮನೆಯ ಮಹಡಿಯಲ್ಲಿ. ಕೆಳಗೆ ಮನೆಯೊಡತಿ, ಎಂಬತ್ತು ದಾಟಿದ ಒಂಟಿ ಹೆಂಗಸು. ಆಕೆಯನ್ನು ಇವರು "ಓನರಮ್ಮ" ಎನ್ನುತ್ತಿದ್ದರು, ಎದುರಿಗೇ.

"ಓನರಮ್ಮಾ, ಊಟ ಆಯ್ತಾ ದೆಸುಕಾ?"

"ಹಾಯ್, ಹಾಯ್," ಎಂದು, ಅಂದರೆ ಹೌದು ಹೌದು ಎಂದು, ಆಕೆ ಬಗ್ಗುತ್ತಿದ್ದರು. ಊಟದ ವಿಷಯವೇ ಎಂದು ಆಕೆಗೆ ಗೊತ್ತಿತ್ತೋ, ಯಾವುದೋ ಭಾರತೀಯ ಆಶೀರ್ವಾದ ಅಂದುಕೊಂಡಿದ್ದರೋ. ನಾನು ವಿಚಾರಿಸಲಿಲ್ಲ. ಅನುವಾದಕರು ಮಧ್ಯೆ ಬಾಯಿ ಹಾಕಿದ ಮೇಲೂ ಚೆನ್ನಾಗಿ ನಡೆದ ಸಂಬಂಧಗಳನ್ನು ನಾನು ಹೆಚ್ಚು ನೋಡಿಲ್ಲ.

ಆಕೆ ಮೆಟ್ಟಿಲ ಮೇಲೆ ಒಂದು ತಟ್ಟೆಯಲ್ಲಿ ಹಣ್ಣು ಇಟ್ಟು ಹೋಗುತ್ತಿದ್ದರು. ಇವರು ತಟ್ಟೆಯನ್ನು ಬರಿದಾಗಿ ವಾಪಸು ಕೊಡುವ ಜಾತಿಯಲ್ಲ. ಅದರಲ್ಲಿ ಚಟ್ನಿಪುಡಿಯೋ, ಒಬ್ಬಟ್ಟೋ, ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯೋ ಇಟ್ಟು ಕೊಡುತ್ತಿದ್ದರು. ಜಪಾನೀಯರು ಪಡೆದದ್ದಕ್ಕೆ ಮರಳಿ ಕೊಡದೆ ಇರಲಾರರು. ಹೀಗಾಗಿ ಆ ಒಂದೇ ತಟ್ಟೆ ನಾಲ್ಕಾರು ವರ್ಷ ಮೇಲೆ ಕೆಳಗೆ ಓಡಾಡುತ್ತಲೇ ಇತ್ತು. ಸೋಲೊಪ್ಪಿಕೊಳ್ಳಲು ಇಬ್ಬರೂ ತಯಾರಿರಲಿಲ್ಲ.

ಆಮೇಲೆ ಸೋಂಕು ಬಂತು. ಕಾರ್ಖಾನೆಯ ಉತ್ಪಾದನೆಯ ಸಾಲು ನಿಂತಿತು, ವಿಮಾನಗಳು ನಿಂತವು. ತಪಾಸಣೆಗೆ ಭಾಗಗಳಿಲ್ಲದ ತಪಾಸಕ ಏನು ಮಾಡುತ್ತಾನೆ? ಜಗತ್ತನ್ನೇ ತಪಾಸಣೆ ಮಾಡುತ್ತಾನೆ. ಓನರಮ್ಮನ ಗೇಟಿನ ಕೀಲು, ಮೆಟ್ಟಿಲುಗಳ ಎತ್ತರ, ಬಾಗಿಲಲ್ಲಿ ಪಾರ್ಸೆಲ್ ತರುವವನು ನಿಲ್ಲಬೇಕಾದ ಜಾಗ. ಅಲ್ಲಿ ಟೇಪು ಹಿಡಿದು ಅಳೆದು ಹಳದಿ ಪಟ್ಟಿ ಅಂಟಿಸಿದ್ದರು. ಪಾರ್ಸೆಲಿನವನು ಅದರ ಹೊರಗೇ ನಿಂತರೆ ಮಹಡಿಯ ಕಿಟಕಿಯಿಂದ ಯೋಶಿ ಕೇಳಿಸುತ್ತಿತ್ತಂತೆ. ಇದನ್ನು ನಾನು ಕಣ್ಣಾರೆ ಕಂಡಿಲ್ಲ, ಓನರಮ್ಮ ಹೇಳಿದ್ದು. ಆಕೆಯೂ ಕೊಂಚ ಬಣ್ಣ ಹಚ್ಚುವವರೇ.

ಮುಂದಿನ ವರ್ಷ ಓನರಮ್ಮ ವೃದ್ಧರ ವಸತಿಗೃಹಕ್ಕೆ ಹೋಗಲು ತೀರ್ಮಾನಿಸಿದರು. ಅಲ್ಲಿ ಒಂದು ಕೋಣೆ, ಒಂದು ಕಪಾಟು. ಒಂದು ಮನೆಯನ್ನು ಒಂದು ಕಪಾಟಿಗೆ ಇಳಿಸಬೇಕು. ಆಗ ಬಟ್ಟಲಿನ ಪ್ರಶ್ನೆ ಎದ್ದಿತು.

ಬಟ್ಟಲು ಪರ್ಷಿಯಾದ್ದು, ಸಾವಿರ ವರ್ಷದ್ದು. ಆಕೆಯ ಗಂಡ ಯುವಕನಾಗಿದ್ದಾಗ ಇರಾನಿನಲ್ಲಿ ಕಾರ್ಖಾನೆ ಕಟ್ಟುವ ಕೆಲಸಕ್ಕೆ ಹೋಗಿ, ಬರುವಾಗ ಪತ್ರಿಕೆಯಲ್ಲಿ ಸುತ್ತಿ ತಂದದ್ದು. ಚಪ್ಪಲಿ ಕಪಾಟಿನ ಮೇಲೆ ಇರುತ್ತಿತ್ತು, ಬೀಗದ ಕೈ ಹಾಕಲು. ಅದರ ಫೋಟೋ ನನ್ನ ಫೋನಿನಲ್ಲಿದೆ ಎಂದು ಇಷ್ಟು ದಿನ ಅಂದುಕೊಂಡಿದ್ದೆ, ಹುಡುಕಿದರೆ ಇಲ್ಲ. ಆಮೇಲೆ ಮ್ಯೂಸಿಯಂ ಒಂದರಲ್ಲಿ ಅಂಥವೇ ನಾಲ್ಕಾರು ನೋಡಿದ್ದರಿಂದ ನಾನೀಗ ವರ್ಣಿಸುವುದು ಐದಾರು ಬಟ್ಟಲುಗಳ ಕಲಬೆರಕೆ ಆಗಿರಬಹುದು. ಕೆಂಪು ಮಣ್ಣಿನ ಮೈ. ಅದರ ಮೇಲೆ ದೋಸೆ ಹಿಟ್ಟಿನ ಹದಕ್ಕೆ ಕದಡಿದ ಬಿಳಿ ಮಣ್ಣಿನ ಲೇಪ. ಲೇಪದ ಮೇಲೆ ಅಂಥದ್ದೇ ತೆಳು ಮಣ್ಣಿಗೆ ಬಣ್ಣ ಬೆರೆಸಿ ಬರೆದ ಒಂದು ಪ್ರಾಣಿ, ಕಡುಕಂದು, ಮೈತುಂಬ ಬಿಳಿ ಚುಕ್ಕೆ. ಅದು ಬಟ್ಟಲಿನ ತಳದ ಉದ್ದಕ್ಕೂ ನಡೆದುಹೋಗುತ್ತಿತ್ತು, ಎಲ್ಲಿಗೋ ತಡವಾಗಿದೆ ಎಂಬಂತೆ. ಗಂಡ ಅದನ್ನು ನರಿ ಎನ್ನುತ್ತಿದ್ದರಂತೆ. ಓನರಮ್ಮನಿಗೆ ಅದು ನಾಯಿ. ನಮ್ಮವರು ಒಂದೇ ನೋಟಕ್ಕೆ "ಕತ್ತೆ" ಎಂದರು. ಕಿವಿಯ ಉದ್ದದ ಆಧಾರದ ಮೇಲೆ.

ಓನರಮ್ಮ ಕೇಳಿದ್ದು ಪ್ರಾಣಿಯ ವಿಷಯವಲ್ಲ. ನಾನೊಂದು ದಿನ ಅಲ್ಲಿಗೆ ಹೋಗಿದ್ದಾಗ ನನ್ನ ಮೂಲಕ ಕೇಳಿಸಿದರು.

"ನಮ್ಮ ಯಜಮಾನರು ಜೀವಮಾನದಲ್ಲಿ ಅಳತೆಗೆ ಸರಿಯಾದ ಒಂದು ಜೊತೆ ಬೂಟು ಕೊಂಡವರಲ್ಲ. ಇದೊಂದರ ವಿಷಯದಲ್ಲಿ ಮಾತ್ರ ಬಹಳ ಜಂಬ. ಒಂದು ಬೆಳಗೆಲ್ಲ ಅಂಗಡಿಯಲ್ಲಿ ಕೂತು ಒಂದೊಂದನ್ನೂ ಉಗುರಿನಿಂದ ತಟ್ಟಿ, ಒಂದು ಗೀರೂ ಇಲ್ಲದ್ದನ್ನು ಆರಿಸಿದೆ ಎನ್ನುತ್ತಿದ್ದರು. ನಾನು ಅಷ್ಟು ವರ್ಷವೂ ಹೂಂ ಅಂದೆ. ಅವರು ಹೇಳಿದ್ದು ನಿಜವಾಗಿದ್ದರೆ ಇದು ನನ್ನ ಜೊತೆ ಬರಲಿ. ಇಲ್ಲದಿದ್ದರೆ ಅವರ ಊರಿನ ಸಣ್ಣ ಮ್ಯೂಸಿಯಮ್ಮಿನವರು ಕೇಳುತ್ತಿದ್ದಾರೆ, ಕೊಟ್ಟುಬಿಡುತ್ತೇನೆ. ಮೇಲಿನವರು ಇಂಥ ಕೆಲಸವನ್ನೇ ಮಾಡುವುದಲ್ಲವೇ? ನೋಡಿ ಹೇಳಲಿ."

ನಾನು ಅನುವಾದಿಸಿದೆ. ಅವರ ಬೆನ್ನು ನೆಟ್ಟಗಾಯಿತು. ಒಂದು ವರ್ಷದಿಂದ ಯಾರೂ ಅವರನ್ನು ಏನನ್ನೂ ನೋಡಿ ಹೇಳಲು ಕೇಳಿರಲಿಲ್ಲ.

"ಎರಡು ದಿನ ಟೈಮ್ ಕೊಡಿ ಅನ್ನಿ. ಗ್ಲೌಸ್ ಹಾಕ್ಕೊಂಡೇ ಮುಟ್ತೀನಿ ಅಂತಲೂ ಹೇಳಿ."

ಮಾರನೆಯ ದಿನ ಮಧ್ಯಾಹ್ನ ಫೋನ್ ಬಂತು.

"ಏನಮ್ಮಾ, ಬಿಜ಼ಿನಾ?"

"ಇಲ್ಲ ಸರ್. ಹೇಗಿದೀರಿ?"

ಟಾಲರೆನ್ಸ್ ಬರಲಿಲ್ಲ. "ಸ್ವಲ್ಪ ಬರ್ತೀರಾ? ಕತ್ತೆ ಕಿವಿ ಹೋಯ್ತು," ಎಂದರು.

ನಾನು ಹೋದಾಗ ಮೇಜಿನ ಮೇಲೆ ಬಿಳಿ ಬಟ್ಟೆ, ಬಟ್ಟೆಯ ಮೇಲೆ ಬಟ್ಟಲು, ಪಕ್ಕದಲ್ಲಿ ಕಂದು ಬಣ್ಣ ಹತ್ತಿದ ಒಂದು ಹತ್ತಿಯುಂಡೆ. ಆದದ್ದು ಇಷ್ಟು. ತಪಾಸಣೆಗೆ ಮೊದಲು ಭಾಗವನ್ನು ಶುಚಿ ಮಾಡಬೇಕು ಎನ್ನುವುದು ಅವರ ಕಸುಬಿನ ಮೊದಲನೇ ಪಾಠ. ಎಣ್ಣೆ, ಧೂಳು ಇದ್ದರೆ ಬಿರುಕು ಕಾಣದು. ಅದಕ್ಕೆ ಕಾರ್ಖಾನೆಯಲ್ಲಿ ಉಕ್ಕಿನ ಭಾಗಗಳನ್ನು ಒರೆಸುವ ಅಸಿಟೋನಿನಿಂದ, ಉಗುರಿನ ಬಣ್ಣ ತೆಗೆಯುವ ಅದೇ ದ್ರವದಿಂದ, ಬಟ್ಟಲನ್ನು ಒರೆಸಿದ್ದಾರೆ. ಸಾವಿರ ವರ್ಷ ಹಿಂದಿನ ಒಂದು ಮಡಕೆಯ ಮೇಲೆ ಈ ಪಾಠವನ್ನು ಇಷ್ಟು ಶ್ರದ್ಧೆಯಿಂದ ಪ್ರಯೋಗಿಸಬಲ್ಲವರು ಭೂಮಿಯ ಮೇಲೆ ಅವರೊಬ್ಬರೇ. ಒಂದೇ ಸವರಿಗೆ ಕಿವಿ ಹತ್ತಿಗೆ ಬಂದಿದೆ.

"ಅಲ್ಲ ಸರ್, ಅಸಿಟೋನ್ ಯಾಕೆ ಹಾಕಿದ್ರಿ?"

"ಪ್ರೊಸೀಜರ್ ಅಮ್ಮಾ." ಆಮೇಲೆ ದನಿ ತಗ್ಗಿಸಿ, "ಆದ್ರೆ ನೋಡಿ, ಒಲೆಯಲ್ಲಿ ಸುಟ್ಟ ಬಣ್ಣ, ಮೇಲೆ ಗಾಜಿನ ಹೊಳಪು. ಅದು ಅಸಿಟೋನಿಗೆ ಬರಬಾರ್ದು. ಬಂತು ಅಂದ್ರೆ?" ಎಂದು ಕಿಟಕಿಯ ಪರದೆ ಎಳೆದು, ಬಿರುಕು ಹುಡುಕಲು ಬಳಸುವ ನೇರಳೆ ಬೆಳಕಿನ ಟಾರ್ಚ್ ಹಾಕಿದರು.

ಬಟ್ಟಲು ಎರಡಾಯಿತು. ಪ್ರಾಣಿಯ ಹೊಟ್ಟೆ, ಹಿಂಗಾಲು, ಬಾಲ ಮಂಕಾಗಿ ಉಳಿದವು. ತಲೆ, ಎದೆ, ಮುಂದಿನ ಎರಡು ಕಾಲು ಮತ್ತು ಅಂಚಿನ ಗೇಣುದ್ದ ಹಾಲಿನಂತೆ ಬೇರೆಯೇ ಹೊಳೆಯಿತು. ಒಡೆದು ಅರ್ಧ ಕಳೆದುಹೋದ ಬಟ್ಟಲಿಗೆ ಯಾರೋ ಕುಶಲಿ ಇನ್ನರ್ಧವನ್ನು ಹೊಸದಾಗಿ ತುಂಬಿ, ಮೇಲೆ ಬಣ್ಣ ಬರೆದು, ಹಳತಾಗಿಸಿ ಮಾರಿದ್ದ.

"ಹಿಂದಿನ ಅರ್ಧ ಒರಿಜಿನಲ್ ಕಣಮ್ಮಾ. ಮುಂದಿನದು ಶೂರಿ."

"ಹಾಗಾದ್ರೆ ಇದು ಕತ್ತೇನೇ ಅಲ್ವಾ?"

"ಯಾರಿಗ್ಗೊತ್ತು? ಬರೀ ಹಿಂಭಾಗ ನೋಡಿ ಹೇಳೋಕಾಗುತ್ತಾ?"

ಅದಕ್ಕೆ ಇಬ್ಬರೂ ನಕ್ಕೆವು. ಇದು ನನಗೆ ಖಚಿತ, ಏಕೆಂದರೆ ಅವರ ಕನ್ನಡಕದ ಮೇಲೆ ಆವಿ ಕಟ್ಟಿತು.

ಅವರು ವರದಿ ಬರೆದಿದ್ದರು, ಎರಡು ಹಾಳೆ, ಇಂಗ್ಲಿಷಿನಲ್ಲಿ. ಮೊದಲನೆಯದು ತಮ್ಮ ತಪ್ಪಿನ ಬಗ್ಗೆ, ಕಾರ್ಖಾನೆಯ ಶೈಲಿಯಲ್ಲಿ ಐದು ಸಲ "ಯಾಕೆ" ಕೇಳಿಕೊಂಡು. ಕಿವಿ ಯಾಕೆ ಹೋಯಿತು? ಅಸಿಟೋನ್ ಹಾಕಿದ್ದರಿಂದ. ಯಾಕೆ ಹಾಕಿದೆ? ಅಭ್ಯಾಸದಿಂದ. ಯಾಕೆ ಮೊದಲು ಮೂಲೆಯಲ್ಲಿ ಪರೀಕ್ಷಿಸಲಿಲ್ಲ? ಆತುರದಿಂದ. ಯಾಕೆ ಆತುರ? ನಾಲ್ಕನೆಯದಕ್ಕೆ ಅವರು ಬರೆದಿದ್ದ ಉತ್ತರ: ಕೆಲಸ ಸಿಕ್ಕಿದ ಖುಷಿಗೆ. ಐದನೆಯದು ನೆನಪಿಲ್ಲ. ಎರಡನೆಯ ಹಾಳೆಯಲ್ಲಿ ಬಟ್ಟಲಿನ ಚಿತ್ರ, ಹೊಸ ಭಾಗಕ್ಕೆಲ್ಲ ಅಡ್ಡಗೆರೆ.

ಸಂಜೆಗೆ ಮುಂಚೆ ಕೆಳಗಿಳಿದೆವು. ಪಾತ್ರೆಯನ್ನು ಬರಿದಾಗಿ ಕೊಡಬಾರದಲ್ಲ, ಬಟ್ಟಲಲ್ಲಿ ಕಲ್ಲುಸಕ್ಕರೆ ತುಂಬಿ ತಂದಿದ್ದರು. ಕಿಟಕಿಗಳೆಲ್ಲ ತೆರೆದು, ಮೂವರೂ ದೂರದೂರ ಕೂತೆವು. ಸುತ್ತ ಅರ್ಧ ಕಟ್ಟಿದ ಪೆಟ್ಟಿಗೆಗಳು. ಓನರಮ್ಮ ಮಾಸ್ಕನ್ನು ಕೊಂಚ ಎತ್ತಿ ಒಂದೊಂದೇ ಹರಳು ಬಾಯಿಗೆ ಹಾಕಿಕೊಳ್ಳುತ್ತ, ಗಂಡ ಇರಾನಿನಿಂದ ಬಂದ ದಿನದ ಕತೆ ಹೇಳತೊಡಗಿದರು. ಹರಳು ಕಡಿಮೆಯಾದಂತೆ ಬಾಲ ಕಂಡಿತು, ಬೆನ್ನು ಕಂಡಿತು. ನಮ್ಮವರು ಕಾಯಲಾರದೆ ನನ್ನ ಕಡೆ ತಿರುಗಿದರು.

"ಮೊದ್ಲು ನನ್ನ ತಪ್ಪು ಹೇಳಿ, ಕ್ಷಮೆ ಕೇಳಿ. ಆಮೇಲೆ ಇದು ರಿಪೇರಿ ಆಗಿರೋದು, ಮುಂದಿನ ಭಾಗ ಹೊಸದು, ಅಂಗಡಿಯವನು ಯಜಮಾನರಿಗೆ ಮೋಸ ಮಾಡಿದಾನೆ ಅಂತ ಹೇಳಿ. ನೀಟಾಗಿ ಹೇಳಿ, ಬಿಡಬೇಡಿ ಏನನ್ನೂ."

ನಾನು ಬಾಯಿ ತೆರೆದೆ. ಓನರಮ್ಮ ನನ್ನನ್ನೇ ನೋಡುತ್ತಿದ್ದರು. ಆ ಹೊತ್ತಿಗೆ ನನ್ನ ತಲೆಯಲ್ಲಿ ಏನು ನಡೆಯಿತು ಎಂಬುದಕ್ಕೆ ನನ್ನ ಬಳಿ ಮೂರು ಬೇರೆ ಬೇರೆ ವಿವರಣೆಗಳಿವೆ, ಮೂರೂ ನನ್ನ ಪರವಾಗಿಯೇ ಇವೆ, ಅದಕ್ಕೇ ಯಾವುದನ್ನೂ ನಂಬುವುದಿಲ್ಲ. ಹೇಳಿದ್ದು ಮಾತ್ರ ಇದು:

"ಒರೆಸುವಾಗ ಇವರ ತಪ್ಪಿನಿಂದ ಒಂದು ಕಿವಿ ಅಳಿಸಿಹೋಗಿದೆ. ಬಹಳ ನೊಂದಿದ್ದಾರೆ, ಕ್ಷಮೆ ಕೇಳುತ್ತಿದ್ದಾರೆ. ಅದೊಂದು ಬಿಟ್ಟರೆ ಬಟ್ಟಲು ನಿಮ್ಮ ಯಜಮಾನರು ಹೇಳಿದಂತೆಯೇ ಇದೆ."

ಶೂರಿ ಎಂಬ ಪದವನ್ನು ನಾನು ಆಡಲಿಲ್ಲ. ಮೊದಲನೆಯ ಹಾಳೆ ಕೊಟ್ಟೆ. ಎರಡನೆಯದನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ.

ಓನರಮ್ಮ ಉಳಿದ ಸಕ್ಕರೆಯನ್ನು ಅಂಗೈಯಿಂದ ಪಕ್ಕಕ್ಕೆ ಸರಿಸಿ, ಕಿವಿ ಇದ್ದ ಜಾಗವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ "ಸಾವಿರ ವರ್ಷ ಇತ್ತು," ಎಂದರು. ಅಷ್ಟೇ. ನಮ್ಮವರು ಚಾಪೆಗೆ ಹಣೆ ಮುಟ್ಟುವಷ್ಟು ಬಗ್ಗಿದರು. ಅವರು ಇಲ್ಲಿಗೆ ಬಂದಾಗಿನಿಂದ ಅಷ್ಟು ಸರಿಯಾಗಿ ಬಗ್ಗಿದ್ದನ್ನು ನಾನು ನೋಡಿರಲಿಲ್ಲ. ಅವರ ಬಗ್ಗುವಿಕೆಯಲ್ಲಿ ಯಾವಾಗಲೂ ಹತ್ತು ಡಿಗ್ರಿ ಕಡಿಮೆ ಬೀಳುತ್ತಿತ್ತು.

ಮೆಟ್ಟಿಲು ಹತ್ತುವಾಗ ಕೇಳಿದರು: "ಹೇಳಿದ್ರಾ?"

"ಹೇಳ್ದೆ ಸರ್."

"ಎಲ್ಲಾ?"

"ಎಲ್ಲಾ."

"ಸರಿ. ಕಾಫಿ ಕುಡ್ಕೊಂಡು ಹೋಗಿ."

ಓನರಮ್ಮ ಹೊರಡುವ ದಿನ ನಾನೂ ಹೋಗಿದ್ದೆ. ನಮ್ಮವರು ಬೆಳಿಗ್ಗೆಯೇ ಗ್ಲೌಸ್ ಹಾಕಿಕೊಂಡು ಗೇಟಿನಲ್ಲಿ ನಿಂತಿದ್ದರು. ಕೈಯಲ್ಲಿ ಬಟ್ಟಲಿಗೆಂದು ತಾವೇ ಮಾಡಿದ ಪೆಟ್ಟಿಗೆ. ಒಳಗೆ ಬಟ್ಟಲಿನ ಆಕಾರಕ್ಕೇ ಕೊರೆದ ಸ್ಪಂಜು, ಮುಚ್ಚಳದ ಮೇಲೆ ಯಾವ ಕಡೆ ಮೇಲಿರಬೇಕು ಎಂದು ಬಾಣದ ಗುರುತು. ಕ್ಷಿಪಣಿ ಕಳಿಸುವುದಾದರೂ ಅದಕ್ಕಿಂತ ಹೆಚ್ಚು ಜಾಗ್ರತೆ ಬೇಕಾಗಲಾರದು. ಓನರಮ್ಮ ಬಟ್ಟಲನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಎದೆಗವಚಿಕೊಂಡು ಬಂದರು. ಇವರು ಕೈ ಚಾಚಿದರು. ಆಕೆ ತುಂಬ ವಿನಯದಿಂದ "ನಿಮಗೆ ಸುಮ್ಮನೆ ತೊಂದರೆ," ಎಂದು ಹೇಳಿ, ಬಗ್ಗಿ, ಆಕೆಯನ್ನು ಬಿಟ್ಟುಬರಲೆಂದು ಟ್ಯಾಕ್ಸಿಯಲ್ಲಿ ಕೂತಿದ್ದ ನನ್ನ ಮಡಿಲಿಗೆ ಗಂಟನ್ನು ಇಟ್ಟರು. ಕನ್ನಡಕ್ಕೆ ಅನುವಾದಿಸಬೇಕಾದ ಅಗತ್ಯವಿರಲಿಲ್ಲ. ಅವರು ಗ್ಲೌಸ್ ಹಾಕಿದ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, "ಹೋಗಿ ಬನ್ನಿ ಓನರಮ್ಮಾ ದೆಸು," ಎಂದರು. ಆ ಪೆಟ್ಟಿಗೆಯಲ್ಲಿ ಆಮೇಲೆ ಈರುಳ್ಳಿ ಇಟ್ಟುಕೊಂಡಿದ್ದರು.

ಬಟ್ಟಲು ಆಕೆಯ ಕಪಾಟಿನಲ್ಲಿ ಈಗಲೂ ಇದೆ. ಗಂಡನ ಜಾಣತನದ ಒಂದೇ ಸಾಕ್ಷಿ, ಭಾರತೀಯನೊಬ್ಬ ಕೆಡಿಸಿದ್ದು. ಅಲ್ಲಿನ ದಾದಿಯರಿಗೆಲ್ಲ ಆಕೆ ಈ ಕತೆ ಹೇಳುತ್ತಾರಂತೆ, ಕೋಪವಿಲ್ಲದೆ, ನಗುತ್ತಲೇ.

ವಿಮಾನಗಳು ಸರಿಯಾಗಿ ಓಡಾಡತೊಡಗಿದ ಮೇಲೆ ಅವರು ನಿವೃತ್ತರಾಗಿ ಹೊರಟರು. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಬೀಳ್ಕೊಡುಗೆ. ಅವರು ಇಂಗ್ಲಿಷಿನಲ್ಲಿ ಮಾತಾಡಿದರು, ನಾನು ವಾಕ್ಯ ವಾಕ್ಯವಾಗಿ ಜಪಾನಿಗೆ ತಿರುಗಿಸಿದೆ. ಎಲ್ಲರಿಗೂ ಥ್ಯಾಂಕ್ಸ್ ಹೇಳಿ, ಕೊನೆಗೆ ನನ್ನತ್ತ ಕೈ ತೋರಿ, ಇಷ್ಟು ವರ್ಷದಲ್ಲಿ ತಾವು ಒಂದು ಸಲವೂ ಚೆಕ್ ಮಾಡದೆ ಬಿಟ್ಟದ್ದು ಇವರ ಅನುವಾದ ಒಂದನ್ನೇ ಎಂದರು. ಎಲ್ಲರೂ ನಕ್ಕರು. ಅದನ್ನೂ ನಾನೇ ಅನುವಾದಿಸಬೇಕಾಯಿತು.

ನಾನು ಲೆಕ್ಕ ಹಾಕಿದ್ದೇನೆ. ಶೂರಿ ಅವರಿಗೆ ಗೊತ್ತಿದ್ದ ಪದ, ಆ ಸಂಜೆ ಅದು ನನ್ನ ಬಾಯಿಂದ ಬರಲಿಲ್ಲ ಎಂಬುದು ಅವರ ಕಿವಿಗೆ ಬಿದ್ದಿರಬೇಕು. ಸಂಖ್ಯೆಗಳು ಗೊತ್ತಿದ್ದವು, ಓನರಮ್ಮ ಸಾವಿರ ಎಂದದ್ದು ತಿಳಿದಿರಬೇಕು. ಎರಡು ಹಾಳೆ ಕೊಟ್ಟವರು ಒಂದೇ ಹಾಳೆ ಕೈ ದಾಟಿದ್ದನ್ನು ನೋಡಿರಬೇಕು. ಇರಬೇಕು, ಇರಬೇಕು. ಇಷ್ಟೆಲ್ಲ ಸಾಕ್ಷ್ಯವನ್ನು ಇಷ್ಟು ನೀಟಾಗಿ ಜೋಡಿಸುತ್ತಿರುವವಳು ನಾನೇ ಆದ್ದರಿಂದ, ಅದರಲ್ಲಿ ಎಷ್ಟು ಅಂದು ಇತ್ತು, ಎಷ್ಟನ್ನು ಆಮೇಲೆ ತುಂಬಿದೆ ಎಂದು ಹೇಳಲಾರೆ. ಆ ದಿನ ಅವರಿಗೆ ಸುತ್ತಲಿನ ಜಪಾನಿ ಎಲ್ಲ ಬರೀ ಸದ್ದಾಗಿದ್ದಿರಲೂಬಹುದು. ತಮ್ಮ ತಪ್ಪಿನ ಜೊತೆಗೆ ಅಂಗಡಿಯವನ ತಪ್ಪೂ ಹೇಳಿಯಾಯಿತು, ಆದರೂ ಓನರಮ್ಮ ತಮ್ಮನ್ನು ಕ್ಷಮಿಸಲಿಲ್ಲ ಎಂದು ತಿಳಿದುಕೊಂಡೇ ಅವರು ಊರಿಗೆ ಹೋಗಿರಬಹುದು. ಹಾಗಿದ್ದರೆ ಅದು ನಾನು ಅವರಿಗೆ ಮಾಡಿದ್ದು.

ಕೇಳಬಹುದಿತ್ತು. ಅವರು ಇಲ್ಲಿದ್ದಷ್ಟು ದಿನ ವಾರಕ್ಕೊಮ್ಮೆ ಕಾಫಿ ಕುಡಿದಿದ್ದೇವೆ, ಊರಿಗೆ ಹೋದ ಮೇಲೂ ಫೋನಿನಲ್ಲಿ ಸಿಗುತ್ತಿದ್ದರು. ಕೇಳಲಿಲ್ಲ. ಅವರಿಗೆ ಗೊತ್ತಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.